ಪೆಟ್ಟಿಗ್ಯಾಗಿನ ರಿವಾಲ್ವರಿಗೆ ಬೆಲಿ ಕಟ್ಟೋದು ಹೆಂಗ?

ಬೆಲಿ ಕಟ್ಟೋದನ್ನ ನಮ್ಮ ಹೆಣ್ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಇಳಕಲ್ ಸೀರಿ ಸೆರಗು ಬೆರಳಾಗ ಹಿಡಿದು ರೇಷ್ಮಿ ಎಷ್ಟೈತಿ ಅಂತೀವಿ. ಸಿರುಗುಪ್ಪದ ಅಕ್ಕಿ ಅಂಗೈಯಾಗ ಹಾಕ್ಕೊಂಡು ಹಳೇದೋ ಹೊಸದೋ ಹೇಳ್ತೀವಿ. ಬೆಂಗಳೂರು ರೋಡಿನ ಬಂಗಾರದ ಅಂಗಡ್ಯಾಗ ಕೂಲಿ ಎಷ್ಟು, ವೇಸ್ಟೇಜ್ ಎಷ್ಟು ಅಂತ ಜಗಳ ತೆಗೀತೀವಿ. ಆದ್ರ ಮನ್ಯಾಗ ಹಿರಿಯರು ಬಿಟ್ಟು ಹೋದ ಬಂದೂಕು ಅಂದ ಕೂಡಲೇ "ಅದು ಗಂಡಸರ ಸಾಮಾನು" ಅಂತ ಸುಮ್ನಾಗಿಬಿಡ್ತೀವಿ. ಆ ಸುಮ್ನಿರೋದಕ್ಕೂ ಒಂದು ರೇಟ್ ಐತ್ರೀ. ಅದು ಎಷ್ಟು ಅಂತ ನಮ್ಮ ಮನಿತನದಾಗ ಹೋದ ವರ್ಷ ಲೆಕ್ಕ ಆತು. ಆ ನೆವದಾಗ ನಾನು ಓದಿ, ಕೇಳಿ ತಿಳ್ಕೊಂಡ ಇತಿಹಾಸನ ಇಲ್ಲಿ ಬರೀತೀನಿ. ಬರಿಯಾಕ ಅಕ್ಕನೂ ಒಪ್ಪಿದಾಳ, ಅಣ್ಣನೂ ಒಪ್ಪಿದಾನ.

ಸಂಗತಿ ಇಷ್ಟು. ಸಿರುಗುಪ್ಪದ ನಮ್ಮ ದೊಡ್ಡಪ್ಪ ತೀರಿಕೊಂಡ್ರು. ಹೊಲ, ಮನಿ ಎಲ್ಲಾ ಅವರು ಇದ್ದಾಗಲೇ ಹಂಚಿದ್ರು. ಉಳಿದದ್ದು ದೊಡ್ಡವ್ವನ ಬಂಗಾರ, ಎರಡು ಹಿತ್ತಾಳಿ ಹಂಡೆ, ಮತ್ತ ಕಬ್ಬಿಣದ ಪೆಟ್ಟಿಗ್ಯಾಗ ಅರಿವ್ಯಾಗ ಸುತ್ತಿಟ್ಟ ಒಂದು ರಿವಾಲ್ವರು. ಕುರುಗೋಡಿನಾಗಿರೋ ಅಣ್ಣ ಅದನ್ನ ತನ್ನ ಹೆಸರಿಗೆ ಮಾಡಿಸ್ಕೊಳ್ಳಾಕ ಕಾಗದ ತಂದ. ಉಳಿದ ವಾರಸುದಾರರ ಒಪ್ಪಿಗಿ ಬೇಕಲ್ಲ, ದೊಡ್ಡವ್ವಂದು ಒಂದು ಸಹಿ, ಬಳ್ಳಾರ್ಯಾಗಿರೋ ಅಕ್ಕಂದು ಒಂದು ಸಹಿ. "ಹಳೇ ಕಬ್ಬಿಣವ್ವಾ, ಹದಿನೈದು ಸಾವಿರ ಹಿಡಿ ಬೇಕಾದ್ರ" ಅಂದ. ಅಣ್ಣ ಮೋಸ ಮಾಡೋ ಮನಶಾ ಅಲ್ಲ, ಅವನಿಗೂ ಗೊತ್ತಿದ್ದಿಲ್ಲ. ಅಕ್ಕ ನನಗ ಫೋನ್ ಹಚ್ಚಿ, "ಯವ್ವಾ, ಸಹಿ ಮಾಡ್ತೀನಿ, ಆದ್ರ ಏನು ಬಿಟ್ಟುಕೊಡಾಕತ್ತೀನಿ ಅಂತರ ಗೊತ್ತಾಗಬೇಕಲ್ಲ" ಅಂದ್ಲು. ಅಕ್ಕನ ಮಾತು ಖರೇ ಅನಿಸ್ತು.

ಒಂದು ವಸ್ತುವಿಗೆ ಅದರಷ್ಟಕ್ಕೇ ಬೆಲಿ ಇರಂಗಿಲ್ಲ, ಸುತ್ತಮುತ್ತ ಏನೈತಿ ಅನ್ನೋದರ ಮ್ಯಾಲ ಬೆಲಿ. ನಮ್ಮ ಬಳ್ಳಾರಿ ಕೋಟಿ ಕತಿ ಎಲ್ಲರಿಗೂ ಗೊತ್ತು. ಮ್ಯಾಲಿನ ಕೋಟಿ ಹನುಮಪ್ಪ ನಾಯಕಂದು, ಕೆಳಗಿಂದು ಹೈದರ್ ಅಲಿ ಫ್ರೆಂಚ್ ಎಂಜಿನಿಯರ್ ಕೈಲಿ ಕಟ್ಟಿಸಿದ್ದು. ಕಟ್ಟಿದ ಮ್ಯಾಲ ನೋಡಿದ್ರ ಪಕ್ಕದ ಕುಂಬಾರ ಗುಡ್ಡ ಕೋಟಿಗಿಂತ ಎತ್ತರ, ಅಲ್ಲಿಂದ ತೋಪು ಹಾರಿಸಿದ್ರ ಕೋಟಿ ಉಳಿಯಂಗಿಲ್ಲ. ಅದಕ್ಕ ಎಂಜಿನಿಯರನ್ನ ಗಲ್ಲಿಗೆ ಹಾಕಿಸಿದ ಅಂತ ಊರಾಗ ಹೇಳ್ತಾರ. ಕೋಟಿ ಬೆಲಿ ತಿಳೀಬೇಕಂದ್ರ ಪಕ್ಕದ ಗುಡ್ಡ ನೋಡಬೇಕು. ಬಂದೂಕಿನ ಪಕ್ಕದ ಗುಡ್ಡ ಯಾವುದಪಾ ಅಂದ್ರ, ಕಾನೂನು.

1800ರಲ್ಲಿ ಹೈದರಾಬಾದಿನ ನಿಜಾಮ ನಮ್ಮ ಸೀಮಿಯನ್ನ ಕಂಪನಿ ಸರ್ಕಾರಕ್ಕ ಬಿಟ್ಟುಕೊಟ್ಟ. ಅದಕ್ಕೇ ನಮಗ ದತ್ತ ಮಂಡಲ ಅಂತ ಹೆಸರು ಬಂತು. ಕಲೆಕ್ಟರ್ ಆಗಿ ಬಂದವ ಥಾಮಸ್ ಮನ್ರೋ, 1807ರ ತನಕ ಇದ್ದ. ಆಗ ಈ ಭಾಗದಾಗ ಎಂಬತ್ತರಷ್ಟು ಪಾಳೇಗಾರರು, ಒಬ್ಬೊಬ್ಬರ ಹಿಂದ ಆಯುಧ ಹಿಡಿದ ಮಂದಿ. ಮನ್ರೋ ಮೊದಲು ಮಾಡಿದ ಕೆಲಸ ಅಂದ್ರ ಅವರ ಬಲ ಮುರಿದದ್ದು. ಅಲ್ಲೀತನಕ ಬಂದೂಕು ಅಂದ್ರ ಕುಡ, ಕುರುಪಿ ಇದ್ದಂಗ ಮನಿ ಸಾಮಾನು. ಮುಂದ 1857ರ ದಂಗೆ ಆತು, 1878ರಾಗ ವೈಸರಾಯ್ ಲಿಟ್ಟನ್ ಕಾಲದಾಗ ಆಯುಧ ಕಾಯ್ದೆ ಬಂತು. ನಮ್ಮವರು ಬಂದೂಕು ಇಟ್ಕೊಳ್ಳಾಕ ಲೈಸನ್ಸ್ ಬೇಕು, ಬಿಳಿಯರಿಗೆ ಬ್ಯಾಡ. ಅವತ್ತಿನಿಂದ ಬಂದೂಕಿನ ಬೆಲಿ ಎರಡು ಪಾಲಾತು: ಕಬ್ಬಿಣದ ಬೆಲಿ ಒಂದು, ಕಾಗದದ ಬೆಲಿ ಒಂದು. ಇವತ್ತಿಗೂ ಹಂಗೇ ಐತಿ.

ಕೊಡಗಿನವರದು ಮಾತ್ರ ಬ್ಯಾರೆ ದಾರಿ. ಅವರಿಗೂ ಅಲ್ಲಿಯ ಜಮ್ಮಾ ಜಮೀನಿನವರಿಗೂ ಬ್ರಿಟಿಷರ ಕಾಲದಿಂದ ಲೈಸನ್ಸ್ ವಿನಾಯಿತಿ ಐತಿ, 2019ರಾಗ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿತು. ಕೈಲ್ ಪೊಳ್ದು ಹಬ್ಬಕ್ಕ ಬಂದೂಕಿಗೆ ಹೂವು ಇಟ್ಟು ಪೂಜಿ ಮಾಡ್ತಾರ. ನಮ್ಮ ಕಡೆ ಆಯುಧ ಪೂಜಿ ದಿನ ಅಣ್ಣಂದಿರು ಟ್ರ್ಯಾಕ್ಟರಿಗೆ ಕುಂಬಳಕಾಯಿ ಒಡೀತಾರಲ್ಲ, ಹಂಗ.

ಇನ್ನ ರಿವಾಲ್ವರ್ ಅನ್ನೋ ಸಾಮಾನು ಎಲ್ಲಿಂದ ಬಂತು? ಗುಂಡು ತುಂಬೋ ಗುಂಡನೆಯ ಗಾಲಿ ತಿರುಗುತ್ತ ಹೋಗೋ ಕೈಬಂದೂಕನ್ನ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಾಗ ತನ್ನ ದೇಶದಾಗ ಪೇಟೆಂಟ್ ಮಾಡಿಸಿದ. 1851ರಾಗ ಲಂಡನ್ನಿನ ದೊಡ್ಡ ವಸ್ತುಪ್ರದರ್ಶನಕ್ಕ ಅವನೂ ಬಂದ, ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ಅನ್ನವನೂ ತನ್ನ ರಿವಾಲ್ವರ್ ತಂದು ಇಟ್ಟ. ಆಮ್ಯಾಲ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿ ಮುಂದ ಬಂತು. 1887ರಾಗ ಬ್ರಿಟಿಷ್ ಸೈನ್ಯ ವೆಬ್ಲಿ ರಿವಾಲ್ವರನ್ನ ಒಪ್ಪಿಕೊಂಡಿತು. ಬಳ್ಳಾರಿ ಕಂಟೋನ್ಮೆಂಟಿನಾಗ ದಂಡು ಇದ್ದ ಕಾಲ ಅದು. ಕೌಲ್ ಬಜಾರದ ಹಾದ್ಯಾಗ ಸೊಂಟಕ್ಕ ರಿವಾಲ್ವರ್ ಕಟ್ಟಿಕೊಂಡು ಕುದುರಿ ಮ್ಯಾಲ ಹೋಗೋ ಸಾಹೇಬರನ್ನ ನಮ್ಮ ಹಿರಿಯರು ಕಂಡವರೇ.

ನಮ್ಮ ಅಜ್ಜನ ಕೈಗೆ ಅದು ಬಂದದ್ದು ಬ್ಯಾರೆ ಕಾರಣಕ್ಕ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಾಗ, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕ. ಸಿರುಗುಪ್ಪದ ಈಚೀ ದಂಡಿ ನಮ್ಮದು, ತುಂಗಭದ್ರಾ ಹೊಳಿ ಆಚೀ ದಂಡಿ ನಿಜಾಮನ ರಾಯಚೂರು ಜಿಲ್ಲೆ. 1947ರ ಆಗಸ್ಟಿನಾಗ ದೇಶಕ್ಕ ಸ್ವಾತಂತ್ರ್ಯ ಬಂದ್ರೂ ಆಚೀ ದಂಡಿಗೆ ಬರಲಿಲ್ಲ. ರಜಾಕಾರರ ಹಾವಳಿ ಸುದ್ದಿ ದಿನಾ ಬರ್ತಿತ್ತು, ಮಂದಿ ಸಾಮಾನು ಕಟ್ಟಿಕೊಂಡು ಹೊಳಿ ದಾಟಿ ಈಚೆ ಬರ್ತಿದ್ರು. 1948ರ ಸೆಪ್ಟೆಂಬರ್ 13ಕ್ಕ ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿ ಐದು ದಿನದಾಗ ಅದು ಮುಗೀತು. ಆ ನಡುವಿನ ವರ್ಷದ ಭಯಕ್ಕ ಅಜ್ಜ ಲೈಸನ್ಸ್ ಮಾಡಿಸಿ ತಗೊಂಡದ್ದು ಈ ರಿವಾಲ್ವರು. ಒಂದು ಗುಂಡೂ ಯಾರ ಮ್ಯಾಲೂ ಹಾರಲಿಲ್ಲ ಅಂತ ದೊಡ್ಡವ್ವ ಹೇಳ್ತಾಳ. ದೀಪಾವಳಿಗೆ ಒಂದ್ಸಲ ಆಕಾಶಕ್ಕ ಹೊಡೆದು ಎಮ್ಮಿ ಕಣ್ಣಿ ಹರ್ಕೊಂಡು ಓಡಿದ್ದು ಬಿಟ್ರ ಬ್ಯಾರೆ ಪರಾಕ್ರಮ ಇಲ್ಲ.

ಲೈಸನ್ಸಿನ ಯಜಮಾನ ತೀರಿದ ಮ್ಯಾಲ ಆ ಸಾಮಾನು ಮನ್ಯಾಗ ಇರಬಾರದು. ಪೊಲೀಸ್ ಠಾಣ್ಯಾಗ ಇಲ್ಲಾ ಲೈಸನ್ಸ್ ಇರೋ ಬಂದೂಕಿನ ಅಂಗಡ್ಯಾಗ ಠೇವಣಿ ಇಡಬೇಕು. ಎಲೆಕ್ಷನ್ ಬಂದಾಗೆಲ್ಲ ಠಾಣೆಗೆ ಒಯ್ದು ಇಟ್ಟು ರಸೀದಿ ತರೋದು ದೊಡ್ಡಪ್ಪಗ ರೂಢಿ ಇತ್ತು, ಹಂಗಾಗಿ ಅಣ್ಣಗೂ ಹಾದಿ ಗೊತ್ತಿತ್ತು. ಅಂಗಡ್ಯಾಗ ಇಟ್ಟು ರಸೀದಿ ತಗೊಂಡ್ರು. ಅಂಗಡಿ ಯಜಮಾನ್ರು ವಯಸ್ಸಾದವರು, ಅಕ್ಕನೂ ನಾನೂ ಹೋದ್ವಿ. ಅವರು ಒಂದೊಂದೇ ತೋರಿಸಿ ಹೇಳಿದ್ದನ್ನ ಕೇಳಿ ನನಗ ಅನಿಸಿದ್ದು, ಇದೂ ಬಂಗಾರ ನೋಡೋ ವಿದ್ಯಾನೇ ಅಂತ.

ಮೊದಲು ಹೆಸರು ಮತ್ತ ಗುರುತು. ಬಂಗಾರಕ್ಕ ಹಾಲ್‌ಮಾರ್ಕ್ ಇದ್ದಂಗ ಇಂಗ್ಲೆಂಡಿನ ಬಂದೂಕಿಗೆ ಪ್ರೂಫ್ ಮಾರ್ಕ್ ಇರ್ತದ. ಜಾಸ್ತಿ ಮದ್ದು ಹಾಕಿ ಹಾರಿಸಿ, ಒಡೀಲಿಲ್ಲ ಅಂದ್ರ ಮಾತ್ರ ಮುದ್ರಿ ಒತ್ತೋ ಸಂಸ್ಥೆ ಬರ್ಮಿಂಗ್‌ಹ್ಯಾಮಿನಾಗ 1813ರಿಂದ ಐತಿ. ಕಿರೀಟದ ಕೆಳಗ ಸಣ್ಣ ಅಕ್ಷರ. ನಮ್ಮದರ ಮ್ಯಾಲ ಆ ಮುದ್ರಿನೂ ಇತ್ತು, ವೆಬ್ಲಿ ಅಂಡ್ ಸ್ಕಾಟ್ ಅನ್ನೋ ಹೆಸರೂ ಇತ್ತು. ವೆಬ್ಲಿ ಕಂಪನಿ ಸ್ಕಾಟ್ ಕಂಪನಿ ಜೊತಿ ಕೂಡಿದ್ದು 1897ರಾಗ. ಅಂದ್ರ ಅದಕ್ಕಿಂತ ಹಳೇದಲ್ಲ ಅಂತ ಹೆಸರೇ ಹೇಳ್ತದ. "ನೂರೈವತ್ತು ವರ್ಷದ್ದು" ಅಂತ ಮಾರಾಕ ಬಂದವರು ಹೇಳಿದ್ರ ಹಿಂಗ ಹಿಡೀಬಹುದು. ಹೆಸರಿಲ್ಲದ, ಮುದ್ರಿ ಇಲ್ಲದ ನಾಡ ನಕಲು ಮಾಲಿಗೆ ಬೆಲೀನೂ ಇಲ್ಲ, ಇಟ್ಕೊಂಡ್ರ ಜೈಲು.

ಎರಡನೇದು ನಂಬರು. ರಿವಾಲ್ವರ್ ಮ್ಯಾಲಿನ ನಂಬರು, ಲೈಸನ್ಸ್ ಪುಸ್ತಕದಾಗಿನ ನಂಬರು ಒಂದೇ ಇರಬೇಕು. ಒಂದಂಕಿ ತಪ್ಪಿದ್ರೂ ಮಾರಾಕ ಬರಂಗಿಲ್ಲ. ನಂಬರಿನ ಮಹತ್ವಕ್ಕ ಒಂದು ಖರೇ ಕತಿ ಹೇಳ್ತೀನಿ. ಭಗತ್ ಸಿಂಗ್ 1928ರಾಗ ಸಾಂಡರ್ಸ್‌ನ ಕೊಂದ ಪಿಸ್ತೂಲು .32 ಬೋರಿನ ಕೋಲ್ಟು. ಎಷ್ಟೋ ವರ್ಷ ಅದು ಇಂದೋರಿನ ಗಡಿ ಭದ್ರತಾ ಪಡೆಯ ಮ್ಯೂಸಿಯಮ್ಮಿನಾಗ ಬಣ್ಣ ಹಚ್ಚಿಸ್ಕೊಂಡು ಉಳಿದವುಗಳ ಸಾಲಿನಾಗೇ ಇತ್ತು. ಬಣ್ಣ ಕೆರೆದು ನೋಡಿದಾಗ ಹಳೇ ದಾಖಲೆಯಾಗಿದ್ದ 168896 ಅನ್ನೋ ನಂಬರು ಕಂಡಿತು. ಆಮ್ಯಾಲ ಅದನ್ನ ಪಂಜಾಬಿನ ಹುಸೇನಿವಾಲಾಕ್ಕ ಒಯ್ದು ಇಟ್ರು. ಕಬ್ಬಿಣ ಅದೇ ಕಬ್ಬಿಣ, ಆರಂಕಿ ಓದಿದ ಕೂಡಲೇ ದೇಶದ ಆಸ್ತಿ ಆತು.

ಮೂರನೇದು ಮೈ. ಇಲ್ಲಿ ನಮ್ಮ ಅಡಿಗಿಮನಿ ಬುದ್ಧಿ ಉಲ್ಟಾ ಹೊಡೀತದ ನೋಡ್ರಿ. ಹಿತ್ತಾಳಿ ಪಾತ್ರಿಗೆ ಕಲಾಯಿ ಹಾಕಿಸಿದ್ರ ಒಳ್ಳೇದು, ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಚಂದ. ಹಳೇ ರಿವಾಲ್ವರಿಗೆ ಹೊಸ ನಿಕಲ್ ಹಾಕಿಸಿದ್ರ, ಉಜ್ಜಿ ಹೊಳಪು ಮಾಡಿದ್ರ ಬೆಲಿ ಇಳೀತದ. ಕಂಪನಿ ಕೊಟ್ಟ ಕರೀ ನೀಲಿ ಬಣ್ಣ ಎಷ್ಟು ಉಳಿದೈತಿ, ಅಕ್ಷರದ ಅಂಚು ಸವೀದಂಗ ಐತೋ ಇಲ್ಲೋ, ನಳಿಗಿ ಒಳಗ ತುಕ್ಕಿನ ಗುಳಿ ಬಿದ್ದಾವೇನು, ಗಾಲಿ ಅಲುಗಾಡ್ತದೇನು ಅಂತ ಗಿರಾಕಿ ನೋಡ್ತಾನ. ನಮ್ಮದು ಮೈಯಾಗ ಚಲೋ ಇತ್ತು, ದೊಡ್ಡಪ್ಪ ಎಣ್ಣಿ ಅರಿವ್ಯಾಗ ಇಡ್ತಿದ್ರು. ಆದ್ರ ಹಿಡಿಕಿಯ ಒಂದು ಕರೀ ಪಟ್ಟಿ ಒಡೆದಾಗ ಊರ ಬಡಿಗ್ಯಾನ ಕೈಲಿ ಸಾಗವಾನಿದು ಮಾಡಿಸಿ ಹಾಕಿದ್ರು. ಕೆತ್ತನಿ ಭಾಳ ಚಂದ ಐತಿ, ಆದ್ರೂ ಬೆಲಿಯಾಗ ಅದು ಕಳೀತದ.

ನಾಲ್ಕನೇದು ಬೋರು, ಅಂದ್ರ ಗುಂಡಿನ ಅಳತಿ. ಪ್ಯಾಟಿ ಬೆಲಿಗೆ ಇದು ಭಾಳ ಮುಖ್ಯ. ನಮ್ಮ ದೇಶದಾಗ ಸೈನ್ಯದ .455, .380 ಗುಂಡು ಹಿಡಿಯೋ ರಿವಾಲ್ವರ್ ನಿಷೇಧಿತ ಬೋರಿನ ಲೆಕ್ಕಕ್ಕ ಬರ್ತಾವು. ಅವಕ್ಕ ಜಿಲ್ಲಾಧಿಕಾರಿ ಲೈಸನ್ಸ್ ಕೊಡಂಗಿಲ್ಲ, ದಿಲ್ಲಿಯ ಗೃಹ ಮಂತ್ರಾಲಯದ ತನಕ ಹೋಗಬೇಕು. ಮೊದಲ ಮಹಾಯುದ್ಧ ಕಂಡ ದೊಡ್ಡ ವೆಬ್ಲಿಗೆ ವಿದೇಶದಾಗ ಸಂಗ್ರಹಕಾರರು ಮುಗಿಬೀಳ್ತಾರ, ಇಲ್ಲಿ ತಗೊಳ್ಳಾಕ ಬರೋವನೇ ಅಪರೂಪ. ಸಣ್ಣ .32 ಬೋರಿಂದು ಸಾಮಾನ್ಯ ಲೈಸನ್ಸಿಗೆ ಬರ್ತದ, ಅದಕ್ಕ ಇಲ್ಲಿ ಗಿರಾಕಿ ಜಾಸ್ತಿ. ನಮ್ಮದು .32. ಅಕ್ಕನ ಮುಖ ಅವಾಗ ಸ್ವಲ್ಪ ಅರಳಿತು.

ಮುಂದ ಪ್ಯಾಟಿ ಇತಿಹಾಸ. 1980ರ ದಶಕದಾಗ ವಿದೇಶಿ ಬಂದೂಕು ತರಿಸೋದಕ್ಕ ಸರ್ಕಾರ ಕಡಿವಾಣ ಹಾಕಿತು. ಅವತ್ತಿಂದ ಎಷ್ಟೋ ವರ್ಷ ದೇಶದೊಳಗ ಎಷ್ಟು ವೆಬ್ಲಿ, ಕೋಲ್ಟ್ ಇದ್ವೋ ಅಷ್ಟೇ. ಹೊಸಾವು ಬರ್ತಿದ್ದಿಲ್ಲ, ಹಳೇವು ಸವೀತಿದ್ವು, ಲೈಸನ್ಸ್ ಕೇಳೋರು ಹೆಚ್ಚಾದ್ರು. ಬರಗಾಲದಾಗ ಜ್ವಾಳದ ರೇಟ್ ಏರಿದಂಗ ಇವುಗಳ ರೇಟ್ ಲಕ್ಷಕ್ಕ ಏರಿತು. ಅಳತಿಗೋಲು ಬೇಕಂದ್ರ ಕಾನ್ಪುರದ ಸರ್ಕಾರಿ ಕಾರ್ಖಾನಿ ನೋಡ್ರಿ. 2014ರ ಜನವರಿಯಾಗ ಅಲ್ಲಿಂದ ಹೆಣ್ಮಕ್ಕಳಿಗೆ ಅಂತ್ಲೇ "ನಿರ್ಭೀಕ್" ಅನ್ನೋ .32 ರಿವಾಲ್ವರ್ ಬಂತು, ಅರ್ಧ ಕೆಜಿ ತೂಕ, ಬೆಲಿ 1,22,360 ರೂಪಾಯಿ. ದಿಲ್ಲಿಯ ಆ ಹುಡುಗಿಯ ನೆನಪಿನಾಗ ಇಟ್ಟ ಹೆಸರು ಅಂದ್ರು. ಹೆಣ್ಮಕ್ಕಳ ಭಯಕ್ಕ ಅದು ಮದ್ದು ಹೌದೋ ಅಲ್ಲೋ ಅನ್ನೋದು ಬ್ಯಾರೆ ಚರ್ಚೆ. ನಮ್ಮ ಲೆಕ್ಕಕ್ಕ ಬೇಕಾದದ್ದು ಇಷ್ಟೇ: 2014ರಾಗ ದೇಶೀ ಹೊಸ ಮಾಲೇ ಸವಾ ಲಕ್ಷದ ಹತ್ರ ಇದ್ದಾಗ, ಇವತ್ತಿನ ಚಲೋ ವಿಲಾಯತಿ ಮಾಲಿಗೆ ಹದಿನೈದು ಸಾವಿರ ಅನ್ನೋದು ಬೆಲಿ ಅಲ್ಲ.

ಏರೋದಷ್ಟೇ ಅಲ್ಲ, ಇಳಿಯೋದೂ ಐತಿ. 1959ರ ಆಯುಧ ಕಾಯ್ದೆಯಾಗ ಒಬ್ಬರಿಗೆ ಮೂರು ಬಂದೂಕು ಇತ್ತು. 2019ರ ತಿದ್ದುಪಡಿ ಅದನ್ನ ಎರಡಕ್ಕ ಇಳಿಸಿತು, ವಾರಸಿನಾಗ ಬಂದದ್ದನ್ನೂ ಅದರಾಗೇ ಸೇರಿಸಿತು. ಮೂರನೇದಿದ್ದವರು ಒಂದು ವರ್ಷದಾಗ ಬಿಡಬೇಕಾತು. ಮಾರೋರು ಹೆಚ್ಚಾದ್ರ ರೇಟ್ ಇಳೀತದ, ಇದು ಟೊಮೇಟೊ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಇನ್ನ ಮಾರೋದೂ ಸಂತ್ಯಾಗ ಕೋಳಿ ಮಾರಿದಂಗಲ್ಲ. ತಗೊಳ್ಳವನ ಹತ್ರ ಲೈಸನ್ಸ್ ಇರಬೇಕು, ಮಾರೋ ವಿಚಾರ ಜಿಲ್ಲಾಧಿಕಾರಿಗೆ ಇಲ್ಲಾ ಠಾಣೆಗೆ ಬರೆದು ಕೊಟ್ಟು 45 ದಿನ ಕಾಯಬೇಕು. ಹಂಗಾಗಿ ಕಾಗದ ಪಕ್ಕಾ ಇರೋ ರಿವಾಲ್ವರಿಗೆ ಮಾತ್ರ ಬೆಲಿ. ಕಾಗದ ಇಲ್ಲಂದ್ರ ಅದು ಆಸ್ತಿ ಅಲ್ಲ, ಕೇಸು. 2019ರ ನಂತರ ಲೈಸನ್ಸ್ ಇಲ್ಲದ ಬಂದೂಕಿಗೆ ಎರಡರಿಂದ ಐದು ವರ್ಷ ಜೈಲು.

ಅಣ್ಣ ಒಂದು ಮಾತು ಅಂದ: "ಇದು ಆ್ಯಂಟಿಕ್ ಅಲ್ಲೇನು? ಟಿಪ್ಪೂಂದು ಕೋಟಿಗಟ್ಟಲೆ ಹೋಗ್ತಾವಲ್ಲ!" ಹೋಗ್ತಾವು, ಖರೇ. 2015ರ ಏಪ್ರಿಲಿನಾಗ ಲಂಡನ್ನಿನ ಬಾನಮ್ಸ್ ಹರಾಜಿನಾಗ ಟಿಪ್ಪೂನ ಆಯುಧ, ಸಾಮಾನು ಎಲ್ಲಾ ಕೂಡಿ 60 ಲಕ್ಷ ಪೌಂಡಿಗೂ ಮಿಕ್ಕಿ ಮಾರಿದ್ವು. 2023ರಾಗ ಅವನ ಮಲಗೋ ಕೋಣಿಯ ಕತ್ತಿ ಒಂದೇ 1 ಕೋಟಿ 40 ಲಕ್ಷ ಪೌಂಡಿಗೆ ಹೋತು. ನನಗ ಹಿಡಿಸಿದ್ದು 2019ರ ಮಾರ್ಚಿನ ಸುದ್ದಿ. ಇಂಗ್ಲೆಂಡಿನ ಬರ್ಕ್‌ಶೈರಿನಾಗ ಗಂಡ ಹೆಂಡ್ತಿ ಮನಿ ಅಟ್ಟದ ಮ್ಯಾಲ ಪೇಪರಿನಾಗ ಸುತ್ತಿಟ್ಟ ಸಾಮಾನು ತೆಗೆದ್ರ, ಶ್ರೀರಂಗಪಟ್ಟಣದಿಂದ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಒಯ್ದ ಟಿಪ್ಪೂನ ಕಾಲದ ಆಯುಧ. ಬೆಳ್ಳಿ ಕಟ್ಟಿದ ಒಂದು ಬಂದೂಕೇ 60,000 ಪೌಂಡಿಗೆ ಹೋತು. ಅದಕ್ಕ ಆ ಬೆಲಿ ಬಂದದ್ದು ಯಾರ ಕೈಯಾಗಿತ್ತು, ಯಾರು ಒಯ್ದ್ರು, ಯಾವ ಮನ್ಯಾಗ ಉಳೀತು ಅನ್ನೋ ಸರಪಳಿ ಕಡೀಲಿಲ್ಲ ಅಂತ. ನಮ್ಮ ರಿವಾಲ್ವರಿನ ಸರಪಳಿ ಸಿರುಗುಪ್ಪದ ಪೆಟ್ಟಿಗಿ ತನಕ ಅಷ್ಟೇ.

ಕಾನೂನಿನಾಗೂ "ಆ್ಯಂಟಿಕ್" ಅಂದ್ರ ಸಸಾರ ಅಲ್ಲ. 1972ರ ಪುರಾತನ ವಸ್ತು ಕಾಯ್ದೆಗೆ ಕಮ್ಮಿ ಅಂದ್ರ ನೂರು ವರ್ಷ ಆಗಿರಬೇಕು, ಆದ್ರ ಖಾಸಗಿಯವರು ದೇಶದ ಹೊರಗ ಕಳಿಸಂಗಿಲ್ಲ. ಆಯುಧ ಕಾಯ್ದೆಯಾಗ ವಿನಾಯಿತಿ ಇರೋದು ರಿಪೇರಿ ಮಾಡಿದ್ರೂ ಹಾರಿಸಾಕ ಬರದಂಥ ಹಳೇ ಮಾದರಿಗೆ. ನಮ್ಮದು ಇವತ್ತೂ ಹಾರ್ತದ. ಅಂದ್ರ ಅದು ಆ್ಯಂಟಿಕ್ ಅಲ್ಲ, ವಯಸ್ಸಾದ ರಿವಾಲ್ವರ್, ಲೈಸನ್ಸ್ ಬೇಕೇ ಬೇಕು.

ಎಲ್ಲಾ ನೋಡಿ ಅಂಗಡಿ ಯಜಮಾನ್ರು, "ನಾನು ತಗೊಂಡ್ರ ಎರಡೂವರೆ ಲಕ್ಷ" ಅಂದ್ರು. ಬೆಂಗಳೂರಿನ ಇನ್ನೊಬ್ಬ ಅಂಗಡಿಯವರಿಗೆ ಫೋಟೋ ಕಳಿಸಿದ್ವಿ, ಗಿರಾಕಿಗೆ ಮೂರೂ ಕಾಲು ಲಕ್ಷದ ತನಕ ಮಾರಬಹುದು ಅಂದ್ರು. ಒಂದು ಕೊಳ್ಳೋರ ಬೆಲಿ, ಒಂದು ಮಾರೋರ ಬೆಲಿ, ಹಳೇ ಬಂಗಾರ ಹಾಕುವಾಗ ಇದ್ದಂಗ. ನ್ಯಾಯದ ಬೆಲಿ ಈ ಎರಡರ ನಡುವ ಇರ್ತದ. ನಡುವಿನ ಲೆಕ್ಕ 2,87,500. ಸಾಗವಾನಿ ಪಟ್ಟಿಗೆ ಅಂತ ಒಂದಿಷ್ಟು ಕಳೆದು 2,70,000ಕ್ಕ ಎಲ್ಲರೂ ಒಪ್ಪಿದ್ವಿ. ಅಣ್ಣನ ಹತ್ರ ಮೊದಲೇ ಹಂದಿ ಕಾಟಕ್ಕಂತ ಒಂದು ಬಂದೂಕು ಲೈಸನ್ಸ್ ಐತಿ, ಇದು ಎರಡನೇದು, ಲೆಕ್ಕ ಸರಿ. ದೊಡ್ಡವ್ವ, ಅಣ್ಣ, ಅಕ್ಕ ಮೂರು ಪಾಲು ಮಾಡಿದ್ರ ತಲಾ 90,000. ಮಗಳಿಗೂ ಮಗನಿಗೂ ಸರಿಪಾಲು ಅಂತ 2005ರಾಗ ಕಾನೂನು ಬಂದು ಇಷ್ಟು ವರ್ಷ ಆದ್ರೂ, ಅದು ಹೊಲ ಮನಿಗಷ್ಟೇ ಅಂತ ನಮ್ಮವರು ತಿಳ್ಕೊಂಡಾರ. ಅಪ್ಪನ ಸ್ವಂತದ ಪೆಟ್ಟಿಗ್ಯಾಗಿರೋ ಸಾಮಾನಿನಾಗಂತೂ ಮಗಳ ಪಾಲು 1956ರ ಕಾಯ್ದೆಯಿಂದಲೇ ಐತಿ. ಹದಿನೈದು ಸಾವಿರ ಹಿಡಿದಿದ್ರ ಅಕ್ಕನ ಪಾಲು ಐದು ಸಾವಿರ. ಐದಕ್ಕೂ ತೊಂಬತ್ತಕ್ಕೂ ಎಷ್ಟು ಅಂತರ ಅಂತ ನೀವೇ ನೋಡ್ರಿ.

ಅಣ್ಣ ಬ್ಯಾಂಕಿನಾಗ ದುಡ್ಡು ಹಾಕಿದ, ಅಕ್ಕ ಒಪ್ಪಿಗಿ ಕಾಗದಕ್ಕ ಸಹಿ ಮಾಡಿದ್ಲು. ದೊಡ್ಡವ್ವ ತನ್ನ ಪಾಲು ಇಸ್ಕೊಂಡಿಲ್ಲ, "ಆ ಬಡಿಗ್ಯಾ ಮಾಡಿದ ಸಾಗವಾನಿ ಪಟ್ಟಿ ತೆಗೀಬ್ಯಾಡ, ಅಷ್ಟೇ" ಅಂದ್ಲು. ಅಂಗಡಿಯವರು ಬೆಲಿ ಕಳೆದದ್ದು ಅದಕ್ಕೇ, ದೊಡ್ಡವ್ವ ಬೆಲಿ ಕಟ್ಟಿದ್ದೂ ಅದಕ್ಕೇ.

ನಿಮ್ಮ ಮನ್ಯಾಗ ಇಂಥದ್ದು ಇದ್ರ ಯಜಮಾನ್ರು ಗಟ್ಟಿ ಇದ್ದಾಗಲೇ ಒಂದ್ಸಲ ಕೇಳಿಟ್ಕೊಳ್ರಿ: ಲೈಸನ್ಸ್ ಪುಸ್ತಕ ಎಲ್ಲೈತಿ, ಯಾವ ತಾರೀಖಿಗೆ ಮುಗೀತದ, ಅದಕ್ಕ ಯುಐಎನ್ ನಂಬರ್ ಬಂದೈತೇನು, ಎರಡರ ನಂಬರೂ ಕೂಡ್ತಾವೇನು. ಎಪ್ಪತ್ತು ವರ್ಷ ದಾಟಿದವರು, ಇಲ್ಲಾ 25 ವರ್ಷ ಇಟ್ಕೊಂಡವರು ಬದುಕಿದ್ದಾಗಲೇ ವಾರಸುದಾರರ ಹೆಸರಿಗೆ ಮಾಡಿಸಾಕ 2016ರ ನಿಯಮದಾಗ ಅವಕಾಶ ಐತಿ. ಸಹಿ ಕೇಳಿದ್ರ ಇಬ್ಬರು ಲೈಸನ್ಸ್ ಇರೋ ಅಂಗಡಿಯವರನ್ನ ಕೇಳಿ ಆಮ್ಯಾಲ ಸಹಿ ಮಾಡ್ರಿ. ಮತ್ತ ದಯಮಾಡಿ ಯಾರೂ ಹುಣಸಿಹಣ್ಣು ಹಚ್ಚಬ್ಯಾಡ್ರಿ.